ಅತ್ತೆಯ ಪಾಲಿನ ವಚನ

ಇದನ್ನು ಓದಿ ನಗುವವರು ನಗಬಹುದು, ನನಗೇನೂ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕು ಮುಂದೆ ಹೋಗುತ್ತಿದ್ದೆ. ಆದರೆ ಕೇಳಿದ್ದು ನನ್ನ ಈ ಕಿವಿಗಳು, ನಡೆದದ್ದು ಗೋಕಾಕದ ನನ್ನ ಅಂಗಡಿಯಲ್ಲಿ. ಕುಡಿಯುವ ಚಟ ನನಗಿಲ್ಲ, ಜ್ವರವೂ ಇರಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಕ್ರೈಸ್ತರು. ಸತ್ತವರು ಕರ್ತನಲ್ಲಿ ನಿದ್ರಿಸುತ್ತಾರೆ, ತಿರುಗಿ ಬರುವುದಿಲ್ಲ ಎಂದು ಚಿಕ್ಕಂದಿನಿಂದ ಕಲಿತವನು ನಾನು. ಯಾರಾದರೂ ದೆವ್ವ, ಪೀಡೆ ಎಂದರೆ ಅವರ ಜೊತೆ ವಾದಕ್ಕೆ ಇಳಿಯುವವನು. ಅದಕ್ಕೇ ಇದನ್ನು ಸಭೆಯಲ್ಲಿ ಯಾರಿಗೂ ಹೇಳಿಲ್ಲ. ಪಾಸ್ಟರಿಗೆ ಹೇಳಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೇನೆ.

ನನ್ನ ಹೆಸರು ದಾನಿಯೇಲ. ನನ್ನದು ದನಿಯ ವ್ಯಾಪಾರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪ್ರಚಾರದ ಆಟೊ ನಿಮ್ಮ ಓಣಿಗೆ ಬಂದು ಸೀರೆ ಮಾರಾಟ, ಕಣ್ಣಿನ ತಪಾಸಣೆ, ಹೊಸ ಬೇಕರಿ ಎಂದು ಕೂಗಿದ್ದರೆ ಆ ದನಿ ಬಹುಮಟ್ಟಿಗೆ ನನ್ನದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡುತ್ತೇನೆ. ಗೋಡೆಗೆಲ್ಲ ಖಾಲಿ ತತ್ತಿ ಟ್ರೇ ಅಂಟಿಸಿದ್ದೇನೆ, ಬಾಗಿಲಿಗೆ ಹಳೆಯ ಕೌದಿ ಇಳಿಬಿಟ್ಟಿದ್ದೇನೆ. ಬಾಗಿಲು ಹಾಕಿದರೆ ಬಸ್ಸಿನ ಹಾರ್ನೂ ಒಳಗೆ ಬರುವುದಿಲ್ಲ.

ಭಾನುವಾರ ಸಭೆಯಲ್ಲಿ ಕೀರ್ತನೆ ಓದಿಸುವುದೂ ನಾನೇ. ದನಿ ಚೆನ್ನಾಗಿದೆ ಎಂದು ನಾಲ್ಕು ಜನ ಹೊಗಳಿ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಎನ್ನಿ. ನಮ್ಮಲ್ಲಿ ಸತ್ಯವೇದದ ಕೀರ್ತನೆಯನ್ನು ಒಬ್ಬರೇ ಓದಿ ಮುಗಿಸುವುದಿಲ್ಲ. ಮುಂದೆ ನಿಂತವನು ಒಂದು ವಚನ ಓದಿ ನಿಲ್ಲಿಸುತ್ತಾನೆ. ಅದರ ಮುಂದಿನ ವಚನವನ್ನು ಕೂತವರೆಲ್ಲ ಸೇರಿ ಹೇಳುತ್ತಾರೆ. ಮತ್ತೆ ಅವನು, ಮತ್ತೆ ಇವರು. ಹೀಗೆ ಕೊನೆಯ ತನಕ.

ಹುಕ್ಕೇರಿಯಲ್ಲಿದ್ದ ನನ್ನ ರಾಹೇಲತ್ತೆ ಜೀವಮಾನವಿಡೀ ಹಾಗೆ ಕೂತು ಓದಿದವಳು. ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿಯುತ್ತಲೇ, ತಾಯಿಯಿಲ್ಲದ ನನ್ನನ್ನು ಸಾಕಿದಳು. ರಿಟೈರ್ ಆದ ಮೇಲೆ ಹುಕ್ಕೇರಿಯಲ್ಲಿ ಸಣ್ಣ ಹೆಂಚಿನ ಮನೆ ಹಿಡಿದಳು. ಗೋಕಾಕಕ್ಕೆ ಬಾ ಎಂದು ನಾವು ಗಂಡ ಹೆಂಡತಿ ಎಷ್ಟು ಕರೆದರೂ ಬರಲಿಲ್ಲ. "ನಿನ್ನ ಮನಿಯಾಗ ಟೀವಿ ಭಾಳ ಒದರತೈತಿ" ಎನ್ನುತ್ತಿದ್ದಳು.

ಆಕೆಗೆ ಎಲ್ಲದಕ್ಕೂ ಒಂದು ಕೀರ್ತನೆ ಬೇಕು. ಬಸ್ ಹತ್ತುವ ಮುಂಚೆ ಒಂದು, ಕರೆಂಟ್ ಹೋದರೆ ಒಂದು, ರೇಷನ್ ಅಂಗಡಿಯಲ್ಲಿ ಜಗಳ ತೆಗೆದು ಬಂದ ದಿನ ಕ್ಷಮೆ ಕೇಳುವುದಕ್ಕೆ ಇನ್ನೊಂದು. ಸಂಖ್ಯೆ ಹೇಳುತ್ತಿರಲಿಲ್ಲ, ತಾನೇ ಹೆಸರಿಟ್ಟಿದ್ದಳು. ಕುರುಬನ ಕೀರ್ತನಿ, ಗುಡ್ಡದ ಕೀರ್ತನಿ, ಅಳೂ ಕೀರ್ತನಿ... ಪಕ್ಕದ ಮನೆಯ ಪಾರವ್ವ ಕುರಿ ಸಾಕುವ ಮನೆತನದ ಸೊಸೆ. ದೇವರು ಕುರುಬನ ಹಾಗೆ ನಮ್ಮನ್ನು ಮೇಯಿಸುತ್ತಾನೆ ಎಂದು ಅತ್ತೆ ಆಕೆಗೆ ವಿವರಿಸಿದಾಗ, "ಹಂಗಾದ್ರ ನಿಮ್ಮ ದೇವ್ರು ನಮ್ಮ ಪೈಕಿನ ಬಿಡ್ರಿ ಆಯಿ" ಎಂದು ಪಾರವ್ವ ಬಿದ್ದು ಬಿದ್ದು ನಕ್ಕಿದ್ದಳಂತೆ. ಅತ್ತೆ ಅದನ್ನು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಆಮೇಲೆ ಅತ್ತೆಯ ಕಣ್ಣು ಹೋದವು.

ಕೀರ್ತನೆಗಳು ಆಕೆಗೆ ಬಾಯಿಪಾಠವಾಗಿದ್ದವು. ಆದರೆ ಅರ್ಧ ಮಾತ್ರ. ಕೂತವರು ಹೇಳುವ ಅರ್ಧ. ಮುಂದೆ ನಿಂತವನು ತನ್ನ ವಚನ ಓದಿದರೆ ಸಾಕು, ಅದರ ಬೆನ್ನಿಗೆ ಆಕೆಯ ವಚನ ತಾನಾಗಿ ಬಾಯಿಗೆ ಬರುತ್ತಿತ್ತು. ಆತ ಓದದಿದ್ದರೆ ಇಲ್ಲ. ಹಾಗಾಗಿ ದಿನಾ ರಾತ್ರಿ ಊಟವಾದ ಮೇಲೆ ನಾನು ಫೋನ್ ಮಾಡಬೇಕು, ನನ್ನ ಪಾಲಿನದನ್ನು ನಾನು ಓದಬೇಕು, ತನ್ನ ಪಾಲಿನದನ್ನು ತಾನು ಹೇಳಬೇಕು ಎಂದು ನಮ್ಮ ನಡುವೆ ಒಪ್ಪಂದವಾಯಿತು. ಕಿವಿ ಸ್ವಲ್ಪ ಮಂದ. ಫೋನನ್ನು ಸ್ಪೀಕರಿಗೆ ಹಾಕಿ ಎದೆಯ ಮೇಲೆ ಇಟ್ಟುಕೊಂಡು ಮಲಗುತ್ತಿದ್ದಳು.

ಒಂದಷ್ಟು ಕಾಲ ಮನಸ್ಸಿಟ್ಟು ಓದಿದೆ. ಆಮೇಲೆ ಚುನಾವಣೆ ಪ್ರಚಾರದ ಕೆಲಸ ಬಂತು, ಲಗ್ನದ ಸುಗ್ಗಿ ಬಂತು. ಅತ್ತೆಯ ನಿಧಾನ ನನಗೆ ತಲೆನೋವಾಗತೊಡಗಿತು. ಒಂದು ವಚನ ಹೇಳಿ, ನಡುವೆ ಕೆಮ್ಮಿ, ಪಾರವ್ವನ ಕೋಳಿಯ ಸುದ್ದಿ ತೆಗೆದು... ಹೊರಗೆ ಗಿರಾಕಿ ನಿಂತಿರುತ್ತಿದ್ದ.

ಆಗ ನನಗೊಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು.

ಆಕೆ ಹೆಚ್ಚಾಗಿ ಕೇಳುವ ಕೆಲವು ಕೀರ್ತನೆಗಳಲ್ಲಿ ನನ್ನ ಪಾಲಿನ ವಚನಗಳನ್ನು ರೆಕಾರ್ಡ್ ಮಾಡಿಟ್ಟೆ. ಒಂದು ವಚನ ಓದುವುದು, ಆಕೆ ಹೇಳಲು ಬೇಕಾದಷ್ಟು ಖಾಲಿ ಬಿಡುವುದು, ಮತ್ತೆ ನನ್ನ ವಚನ. ಆಕೆಗೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿಲ್ಲವೇ? ಕೆಮ್ಮಿಗೂ ಜಾಗ ಬಿಟ್ಟಿದ್ದೆ. ಕೊನೆಗೆ ಆಮೆನ್, ಅದರ ಬೆನ್ನಿಗೆ ಪ್ರೀತಿಯಿಂದ, "ಮಲ್ಕೊ ಅತ್ತಿ, ಚಲೋ ಮಲ್ಕೊ."

ರಾತ್ರಿ ಫೋನ್ ಹಚ್ಚುತ್ತಿದ್ದೆ. "ಶುರು ಮಾಡೋಣೇನ್ ಅತ್ತಿ?" "ಮಾಡಪಾ ತಮ್ಮಾ." ಕಂಪ್ಯೂಟರಿನ ಸ್ಪೀಕರ್ ಪಕ್ಕ ಒಂದು ಸ್ಟೂಲು, ಅದರ ಮೇಲೆ ಮಡಚಿದ ಟವೆಲ್, ಟವೆಲ್ ಮೇಲೆ ಫೋನ್. ಪ್ಲೇ ಒತ್ತಿ, ಬಾಗಿಲು ಎಳೆದುಕೊಂಡು, ನನ್ನ ಪಾಡಿಗೆ ನಾನು ಹೊರಗೆ.

ಮೊದಲ ದಿನ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಇತ್ತು. ಮರುದಿನ ಅತ್ತೆ ಏನೆಂದಳು ಗೊತ್ತೇ? "ನಿನ್ನಿ ಭಾಳ ಚಲೋ ಓದಿದಿ ತಮ್ಮಾ. ಒಟ್ಟ ಗಡಿಬಿಡಿ ಮಾಡಲಿಲ್ಲ." ನನಗೆ ನಾಚಿಕೆಯಾಯಿತು. ಆದರೂ ಅಂದು ರಾತ್ರಿ ಮತ್ತೆ ಪ್ಲೇ ಒತ್ತಿದೆ.

ಆಕೆಯ ಕೊನೆಯ ರಾತ್ರಿಯೂ ಹಾಗೇ. ದನಿ ಸಣ್ಣಗಿತ್ತು.

"ಇವತ್ತ ಗುಡ್ಡದ ಕೀರ್ತನಿ ಓದು ತಮ್ಮಾ."

"ಯಾಕ ಅತ್ತಿ, ಆರಾಮ ಇಲ್ಲೇನು?"

"ಸಂಜಿಮುಂದಿಂದ ದಣಿವ ಆಗೈತಿ, ಅಷ್ಟ. ನೀ ಓದು. ಓದಿದ್ರ ಹಗುರ ಆಕ್ಕೈತಿ."

ಗುಡ್ಡದ ಕೀರ್ತನೆ ಎಂದರೆ ಬೆಟ್ಟಗಳ ಕಡೆ ಕಣ್ಣೆತ್ತಿ, ಸಹಾಯ ಎಲ್ಲಿಂದ ಬರುತ್ತದೆ ಎಂದು ಕೇಳುವುದು. ಕಾಯುವ ದೇವರು ತೂಕಡಿಸುವವನಲ್ಲ, ನಿದ್ದೆ ಮಾಡುವವನಲ್ಲ ಎಂದು ಹೇಳುವುದು. ಪ್ಲೇ ಒತ್ತಿ ನಾನು ಎದುರಿನ ಗಾಡಿಗೆ ಮಿರ್ಚಿ ಭಜಿ ತಿನ್ನಲು ಹೋದೆ. ತಿರುಗಿ ಬಂದಾಗ ಫೋನ್ ಕಟ್ ಆಗಿತ್ತು. ತಾನೇ ಇಟ್ಟಿದ್ದಾಳೆ, ನನ್ನ ಒಂದು ಕೆಲಸ ಉಳಿಯಿತು ಎಂದುಕೊಂಡೆ.

ಬೆಳಗ್ಗೆ ಪಾರವ್ವನ ಫೋನ್ ಬಂತು. "ಅಣ್ಣಾರ, ಲಗೂನ ಬರ್ರಿ. ಆಯಿ ಏಳವಲ್ಲಳ್ರಿ..."

ಮಣ್ಣು ಮಾಡಿದೆವು. ಮೂರನೇ ದಿನದ ಪ್ರಾರ್ಥನೆಯೂ ಆಯಿತು. ಅಲ್ಲಿ ಕೀರ್ತನೆ ಓದಲು ನನ್ನನ್ನೇ ನಿಲ್ಲಿಸಿದರು. ಓದಿದೆ. ದುಃಖದಲ್ಲೂ ಎಷ್ಟು ಸ್ಪಷ್ಟವಾಗಿ ಓದಿದೆ ಎಂದು ಹಿರಿಯರೊಬ್ಬರು ಹೆಗಲು ತಟ್ಟಿದರು. ಪಾರವ್ವ ಎರಡು ಸಲ ಹತ್ತಿರ ಬಂದಳು, ಏನೋ ಹೇಳಬೇಕೆಂಬಂತೆ. ನಾನು ಶಾಮಿಯಾನದವನ ಜೊತೆ ಮಾತಿಗೆ ನಿಂತು ತಪ್ಪಿಸಿಕೊಂಡೆ. ಕೊನೆಯ ಕ್ಷಣದಲ್ಲಿ ಅತ್ತೆ ಏನಾದರೂ ಅಂದಳೇ? ನನ್ನನ್ನು ಕರೆದಳೇ? ಅದು ನನಗೆ ತಿಳಿಯಬೇಕಿತ್ತು. ತಿಳಿಯಲು ಹೆದರಿಕೆಯೂ ಆಗುತ್ತಿತ್ತು.

ಮರುದಿನ ರಾತ್ರಿ ಅಂಗಡಿಗೆ ಹೋದೆ. ಯಾವುದೋ ಸೀರೆ ಅಂಗಡಿಯ ಜಾಹೀರಾತು ಬಾಕಿ ಇತ್ತು. ಶಟರ್ ಅರ್ಧ ಇಳಿಸಿ, ಒಳಕೋಣೆಯ ಬಾಗಿಲು ಹಾಕಿ ಕೂತೆ. ಕೆಲಸ ಸಾಗಲಿಲ್ಲ. ಕಂಪ್ಯೂಟರಿನಲ್ಲಿ "ಅತ್ತಿ" ಎಂಬ ಫೋಲ್ಡರ್ ಕಣ್ಣಿಗೆ ಚುಚ್ಚುತ್ತಿತ್ತು.

ಅಳಿಸಿಬಿಡೋಣ ಎಂದುಕೊಂಡೆ. ಅಳಿಸುವ ಮುಂಚೆ ಒಮ್ಮೆ, ಒಂದೇ ಒಮ್ಮೆ ಕೇಳೋಣ... ನಾನು ಎಷ್ಟು ಚೆನ್ನಾಗಿ ಮೋಸ ಮಾಡಿದ್ದೇನೆ, ನೋಡೋಣ. ಗುಡ್ಡದ ಕೀರ್ತನೆ ಹಚ್ಚಿದೆ.

ನನ್ನ ದನಿ ಬಂತು. ಮೊದಲ ವಚನ. ಆಮೇಲೆ ಖಾಲಿ ಜಾಗ.

ಆ ಖಾಲಿಯಲ್ಲಿ ಏನೋ ಸರಿದ ಹಾಗಾಯಿತು. ಯಾರೋ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಂಥ ಸಪ್ಪಳ. ಫ್ಯಾನ್ ಇರಬೇಕೆಂದು ಎದ್ದು ಫ್ಯಾನ್ ಆರಿಸಿದೆ.

ಮತ್ತೆ ನನ್ನ ದನಿ. ಮತ್ತೆ ಖಾಲಿ...

ಈ ಸಲ ಪಿಸುಮಾತು ಸ್ಪಷ್ಟವಾಗಿತ್ತು. ಕಾಯುವವನು ನಿದ್ದೆ ಮಾಡುವುದಿಲ್ಲ ಎಂಬ ವಚನ. ಅದು ಆಕೆಯ ಪಾಲಿನದು. ಹಲ್ಲಿಲ್ಲದ ಬಾಯಿ, ಎಳೆದು ಎಳೆದು ಹೇಳುವ ಆ ರೀತಿ... ನನಗೆ ಅದು ತಿಳಿಯದೇ? ದನಿ ಸ್ಪೀಕರಿನಿಂದ ಬರುತ್ತಿರಲಿಲ್ಲ. ಪಕ್ಕದ ಸ್ಟೂಲಿನ ಮೇಲಿಂದ, ಮಡಚಿದ ಟವೆಲಿನ ಮೇಲಿಂದ ಬರುತ್ತಿತ್ತು. ಅಲ್ಲಿ ಫೋನ್ ಇರಲಿಲ್ಲ. ಫೋನ್ ನನ್ನ ಜೇಬಿನಲ್ಲಿತ್ತು.

ಮೂಗಿಗೆ ನೀಲಗಿರಿ ಎಣ್ಣೆಯ ವಾಸನೆ ಬಡಿಯಿತು. ಅತ್ತೆ ಮಲಗುವ ಮುಂಚೆ ಎದೆಗೆ ಹಚ್ಚಿಕೊಳ್ಳುತ್ತಿದ್ದ ಎಣ್ಣೆ. ಏಳಬೇಕೆಂದುಕೊಂಡೆ. ಏಳಲಿಲ್ಲ.

ಮತ್ತೆ ನನ್ನ ದನಿ. ಕರ್ತನು ನಿನ್ನ ಬಲಗಡೆ ನೆರಳಾಗಿ ನಿಂತಿದ್ದಾನೆ ಎನ್ನುವ ವಚನ. ಆಮೇಲೆ ಆಕೆ ಹಗಲಿನ ಸೂರ್ಯ, ರಾತ್ರಿಯ ಚಂದ್ರನ ವಚನ ಹೇಳಬೇಕು.

ಹೇಳಲಿಲ್ಲ. ಉಸಿರು ಕೇಳಿಸಿತು... ಗೊರ್ರ್ ಎನ್ನುವ ಉಸಿರು. ಆಮೇಲೆ ಮೆಲ್ಲಗೆ,

"ತಮ್ಮಾ... ಓದೂದ ನಿಂದರ್ಸು. ಎದಿ ಬಿಗಿಯಾಕತ್ತೈತಿ. ಪಾರವ್ವನ್ನ ಎಬ್ಬಸು... ಫೋನ್ ಮಾಡಿ ಎಬ್ಬಸೋ ಆಕಿನ್ನ..."

"ಅತ್ತೀ!" ಎಂದು ಕೂಗಿದೆ. ಆದರೆ ಅದೇ ಹೊತ್ತಿಗೆ ಸ್ಪೀಕರಿನಲ್ಲಿ ನನ್ನ ರೆಕಾರ್ಡಿನ ದನಿ ಶುರುವಾಯಿತು. ಗಂಭೀರವಾಗಿ, ಶಾಂತವಾಗಿ, ಒಂದು ಅಕ್ಷರ ತಪ್ಪದೆ... ಎಲ್ಲ ಕೇಡಿನಿಂದ ತಪ್ಪಿಸಿ ಆತನು ನಿನ್ನ ಪ್ರಾಣವನ್ನು ಕಾಯುವನು ಎಂದು ಓದಿತು. ನನ್ನ ಕೂಗು ನನ್ನ ದನಿಯ ಕೆಳಗೆ ಮುಚ್ಚಿಹೋಯಿತು.

ಮತ್ತೆ ಖಾಲಿ.

ಬಯ್ಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ಆಕೆ ಎರಡೂ ಮಾಡಲಿಲ್ಲ. ಉಳಿದಿದ್ದ ಉಸಿರಿನಲ್ಲಿ ತನ್ನ ಪಾಲಿನ ಕೊನೆಯ ವಚನ ಹೇಳಿದಳು. ಹೋಗುವಾಗಲೂ ಬರುವಾಗಲೂ ಕಾಯುತ್ತಾನೆ ಎಂಬುದನ್ನು. ಪೂರ್ತಿ ಹೇಳಿದಳು.

"ಆಮೆನ್," ಎಂದಿತು ನನ್ನ ದನಿ. "ಮಲ್ಕೊ ಅತ್ತಿ, ಚಲೋ ಮಲ್ಕೊ."

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಆ ರೆಕಾರ್ಡಿಂಗ್ ಬಿಚ್ಚಿ ನೋಡಿದೆ. ನಮ್ಮ ಕೆಲಸದಲ್ಲಿ ದನಿ ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ಕಾಣುತ್ತದೆ, ಸದ್ದಿಲ್ಲದ ಕಡೆ ಗೆರೆ ಸಪಾಟು. ಖಾಲಿ ಜಾಗಗಳೆಲ್ಲ ಸಪಾಟಾಗಿದ್ದವು. ಮತ್ತೆ ಹಚ್ಚಿದೆ. ನನ್ನ ದನಿ ಮಾತ್ರ. ಇನ್ನೊಮ್ಮೆ ಹಚ್ಚಿದೆ. ಏನೂ ಇಲ್ಲ. ಎಣ್ಣೆಯ ವಾಸನೆ ಮಾತ್ರ ಹೋಗಲಿಲ್ಲ.

ನಿದ್ದೆ ಬರಲಿಲ್ಲ. ಸತ್ಯವೇದ ತೆಗೆದು ಕೀರ್ತನೆಗಳನ್ನು ತಿರುವಿ ಹಾಕಿದೆ. ಇಷ್ಟು ವರ್ಷ ಓದಿಸಿದವನಿಗೆ ಅಂದು ಮೊದಲ ಸಲ ಕಣ್ಣಿಗೆ ಬಿತ್ತು... ಅವುಗಳಲ್ಲಿ ಎಷ್ಟೋ ಹಾಡುಗಳು ಬರೀ ಕೂಗು. ಕೇಳು, ಕಿವಿಗೊಡು, ಯಾಕೆ ಮುಖ ಮರೆಮಾಡಿದ್ದೀ, ಯಾಕೆ ದೂರ ನಿಂತಿದ್ದೀ ಎಂಬ ಕೂಗು. ನಾನು ಅವನ್ನೆಲ್ಲ ದನಿ ಏರಿಸಿ ಇಳಿಸಿ ಚೆಂದಗೆ ಓದುತ್ತಿದ್ದೆ. ಅತ್ತೆಗೆ ಅದು ಓದಾಗಿರಲಿಲ್ಲ, ಯಾರದೋ ಜೊತೆ ಆಡುವ ಮಾತಾಗಿತ್ತು. ಆ ಮಾತಿನ ಈಚೆ ಬದಿಗೆ, ಫೋನಿನ ಈ ತುದಿಯಲ್ಲಿ, ನಾನು ಇರಬೇಕಿತ್ತು.

ಇದೆಲ್ಲ ತಪ್ಪಿತಸ್ಥ ಮನಸ್ಸಿನ ಆಟ ಎಂದು ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ಪಾರವ್ವನನ್ನು ಕೇಳಲು ಹೆದರಿಕೆ ಯಾಕೆ? ಬೆಳಕು ಹರಿಯುವ ಮುಂಚೆ ಬೈಕ್ ತೆಗೆದೆ.

ಪಾರವ್ವ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅತ್ತೆಯ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಅದೂ ಹೆಂಚಿನ ತನಕ ಮುಟ್ಟುವುದಿಲ್ಲ, ಮೇಲೆ ಸಂದಿ ಇದೆ. ನನ್ನನ್ನು ನೋಡಿದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮಗ ಒಂದ ಮಾತ ಹೇಳಬೇಕಂತ ಮಾಡಿದ್ನಿರಿ ಅಣ್ಣಾರ. ಅವತ್ತ ಗದ್ದಲದಾಗ ಆಗಲಿಲ್ಲ."

"ಹೇಳ್ರಿ ಅಕ್ಕಾ."

"ಆ ರಾತ್ರಿ ಆಯಿ ದನಿ ನನಗ ಕೇಳಿಸಿತ್ತರಿ. 'ಎದಿ ಬಿಗಿಯಾಕತ್ತೈತಿ, ಪಾರವ್ವನ್ನ ಎಬ್ಬಸು' ಅಂದ್ಳು."

ನಾನು ಕಟ್ಟೆಯ ಮೇಲೆ ಕೂತೆ. ನನ್ನ ಅಂಗಡಿಯಲ್ಲಿ ಕೇಳಿದ್ದನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ.

"ಎದ್ದ ಕುಂತ್ನಿರಿ. ಚಪ್ಪಲಿ ಸೈತ ಮೆಟ್ಟಿದ್ನಿ. ಅಷ್ಟರಾಗ ನಿಮ್ಮ ದನಿ ಬಂತು, ಆಯಿಗೆ ಏನೋ ಸಮಾಧಾನ ಹೇಳಿದಂಗ... ಪ್ರಾಣ ಕಾಯ್ತಾನ ಅಂತ. ಆಯಿನೂ ಸುಮ್ಮನಾದ್ಳು, ತಿರುಗಿ ಓದಾಕ ಹತ್ತಿದ್ಳು. ಆಮ್ಯಾಲ ನೀವು ಚಲೋ ಮಲ್ಕೊ ಅಂದ್ರಿ. ಅಣ್ಣಾರ ಫೋನಿನ್ಯಾಗ ಅದಾರ, ಖರೇನ ಏನರ ಇದ್ರ ನನ್ನ ಎಬ್ಬಸ್ತಿದ್ರು ಅಂತ ತಿಳದು ಮತ್ತ ಮಲ್ಕೊಂಡ್ನಿರಿ." ಆಕೆ ಜೋರಾಗಿ ಅಳತೊಡಗಿದಳು. "ನಾ ಬಂದಿದ್ರ ಆಯಿ ಉಳೀತಿದ್ಳೋ ಏನೋ. ನನ್ನ ತಪ್ಪಾತೇನ್ರಿ ಅಣ್ಣಾರ?"

ಆಕೆಯ ಎದೆಯ ಮೇಲಿನ ಭಾರ ಇಳಿಸಲು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಕ್ಕಾ, ಅದು ನಾನಲ್ಲ, ಬರೀ ರೆಕಾರ್ಡಿಂಗ್. ಬಾಯಿ ತನಕ ಬಂತು.

"ನಿಮ್ಮದೇನೂ ತಪ್ಪಿಲ್ಲ ಬಿಡ್ರಿ," ಎಂದೆ. "ನಾ ಫೋನಿನ್ಯಾಗ ಇದ್ನಲ್ಲ... ನನಗೂ ಅಷ್ಟ ಜಾಸ್ತಿ ಅನಸಲಿಲ್ಲ."

ದನಿ ಸ್ವಲ್ಪವೂ ನಡುಗಲಿಲ್ಲ. ಅಭ್ಯಾಸ ನೋಡಿ. ಪಾರವ್ವ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅಲ್ಲರಿ ಅಣ್ಣಾರ, ನೀವು ರಾತ್ರಿ ಬಂದ ಹೊಕ್ಕೀರಿ, ನಮ್ಮನಿಗೆ ಯಾಕ ಬರೂದಿಲ್ಲ?"

"ರಾತ್ರಿ? ನಾ ಎಲ್ಲಿ ಬಂದೇನಿ?"

"ಮಣ್ಣಾದಾಗಿಂದ ದಿನಾ ಕೇಳಸ್ತೈತ್ರೀ. ಆಯಿ ಮನಿಯಾಗ ನೀವು ಓದೂದು. ಒಂದ ಮಾತ ಓದತೀರಿ, ಸುಮ್ಮ ನಿಂದರತೀರಿ. ಮತ್ತೊಂದು ಓದತೀರಿ, ನಿಂದರತೀರಿ... ಆಯಿ ದನಿ ಇಲ್ರಿ. ನಿಮ್ಮ ದನಿ ಅಷ್ಟ. ನಮ್ಮ ಹುಡುಗ್ರು ಅಂಜಾಕತ್ತಾರ."

ಅತ್ತೆಯ ಬಾಗಿಲ ಕಡೆ ನೋಡಿದೆ. ನಾನೇ ಹಾಕಿದ ಬೀಗ ಹಾಗೇ ಇತ್ತು. ಕೀಲಿಕೈ ನನ್ನ ಜೇಬಿನಲ್ಲಿತ್ತು. ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಅಂದೇ ಗೋಕಾಕಕ್ಕೆ ಬಂದು ಆ ಫೋಲ್ಡರನ್ನು ಪೂರ್ತಿ ಅಳಿಸಿದೆ. ಭಾನುವಾರ ಓದಿಸುವುದನ್ನು ಬಿಟ್ಟೆ, ಗಂಟಲು ಸರಿಯಿಲ್ಲ ಎಂದು ಪಾಸ್ಟರಿಗೆ ಹೇಳಿದೆ. ಇದೆಲ್ಲ ಆಗಿ ಸಾಕಷ್ಟು ದಿನಗಳಾದವು. ಹೋದ ವಾರ ಪಾರವ್ವ ಮತ್ತೆ ಫೋನ್ ಮಾಡಿದ್ದಳು.

"ಇನ್ನೂ ಓದಾಕತ್ತೀರಲ್ರಿ ಅಣ್ಣಾರ. ಯಾರ ಉತ್ತರ ಕೊಡತಾರಂತ ಅಷ್ಟೊತ್ತು ಕಾಯ್ತೀರಿ?"

ನಾನು ಫೋನ್ ಇಟ್ಟೆ. ಅಲ್ಲಿಗೆ ಹೋಗಿ ಒಂದು ರಾತ್ರಿ ಕೂರಬೇಕು, ಅತ್ತೆಯ ಕ್ಷಮೆ ಕೇಳಬೇಕು, ಪಾರವ್ವನಿಗೂ ನಿಜ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಇನ್ನೂ ಹೋಗಿಲ್ಲ.